ಕೊಟ್ಟಿಗೆಯಿಂದ ಅಗ್ಗಿಷ್ಟಿಕೆಗೆ

ಅಮೆರಿಕದ ಫಿಲಡೆಲ್ಫಿಯ ನಗರದಿಂದ ಪಶ್ಚಿಮಕ್ಕೆ ನೂರು ನೂರಹತ್ತು ಕಿಲೋಮೀಟರು ಸಾಗಿದರೆ ಪೆನ್ಸಿಲ್ವೇನಿಯ ರಾಜ್ಯದ ಲ್ಯಾಂಕಾಸ್ಟರ್ ಪ್ರಾಂತ ಸಿಕ್ಕುತ್ತದೆ. ಅಲೆಯಲೆಯಾಗಿ ಏರಿಳಿಯುವ ನೆಲ, ಮುಸುಕಿನ ಜೋಳದ ಹೊಲಗಳು, ಮೋಟಾರಿನ ಗೊಡವೆಗೆ ಹೋಗದೆ ಕುದುರೆಗಾಡಿಯಲ್ಲಿ ಸಂಚರಿಸುವ ಆಮಿಶ್ ಪಂಥದ ರೈತರು, ಇವನ್ನೆಲ್ಲ ನೋಡುತ್ತ ಹೋಗುವ ಪ್ರವಾಸಿಯ ಕಣ್ಣು ಕಡೆಗೆ ನಿಲ್ಲುವುದು ಅಲ್ಲಿನ ಕೊಟ್ಟಿಗೆಗಳ ಮೇಲೆ. ಕೊಟ್ಟಿಗೆಯೆಂದರೆ ದನ ಕಟ್ಟುವ ಸಣ್ಣ ಮಾಡಲ್ಲ. ‘ಬಾರ್ನ್’ ಎಂಬ ಈ ಕಟ್ಟಡ ಎಷ್ಟೋ ವೇಳೆ ಯಜಮಾನನ ಮನೆಗಿಂತಲೂ ದೊಡ್ಡದು. ಕಣಜ, ಕಣ, ಹುಲ್ಲಿನ ಅಟ್ಟ, ಲಾಯ ಎಲ್ಲವೂ ಅದೇ. ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ಭಾಷೆಯ ನಾಡುಗಳಿಂದ ವಲಸೆ ಬಂದ ಒಕ್ಕಲುಮಕ್ಕಳು ಇದನ್ನು ದಿಣ್ಣೆಯ ಮಗ್ಗುಲಿಗೆ ಒರಗಿಸಿ ಕಟ್ಟುವ ಪದ್ಧತಿಯನ್ನು ರೂಢಿಸಿದರು. ದಿಣ್ಣೆಯ ಕಡೆಯಿಂದ ಹುಲ್ಲಿನ ಬಂಡಿ ನೇರವಾಗಿ ಮೇಲಂತಸ್ತಿಗೆ ಬರುತ್ತದೆ; ತಗ್ಗಿನ ಕಡೆಯಿಂದ ದನಕುದುರೆಗಳು ಕೆಳಗೆ ಹೋಗುತ್ತವೆ. ಮೇಲಂತಸ್ತು ಗೋಡೆಯನ್ನು ಮೀರಿ ಮುಂದಕ್ಕೆ ಚಾಚಿ, ಅಂಗಳದ ದನಗಳಿಗೆ ಮಳೆಯ ಮರೆಯಾಗುತ್ತದೆ.

ಒಳಗಿನ ಚೌಕಟ್ಟನ್ನು ಬಂಧಿಸಿರುವುದು ಮರವೇ ಹೊರತು ಕಬ್ಬಿಣವಲ್ಲ. ಒಂದು ತೊಲೆಯ ತುದಿಯಲ್ಲಿ ನಾಲಿಗೆಯಂತೆ ಕೆತ್ತಿ, ಇನ್ನೊಂದರ ಕುಳಿಯಲ್ಲಿ ಅದನ್ನು ಸೇರಿಸಿ, ಅಡ್ಡಲಾಗಿ ಓಕ್ ಮರದ ಗೂಟ ಬಡಿದರೆ ಕೆಲಸ ಮುಗಿಯಿತು. ಯಾವ ನಾಲಿಗೆ ಯಾವ ಕುಳಿಗೆ ಎಂಬುದು ಮರೆಯದಿರಲು ಬಡಗಿಗಳು ಎರಡರ ಮೇಲೂ ಒಂದೇ ರೋಮನ್ ಅಂಕಿಯನ್ನು ಉಳಿಯಿಂದ ಕೊರೆಯುತ್ತಿದ್ದರು. ಆ ಗೀರುಗಳು ಇಂದಿಗೂ ಉಳಿದಿವೆ.

ಆದರೆ ಕೊಟ್ಟಿಗೆಗಳು ಎಲ್ಲೆಡೆ ಉಳಿದಿಲ್ಲ. ದೊಡ್ಡ ಯಂತ್ರಗಳು ಹಳೆಯ ಬಾಗಿಲಲ್ಲಿ ನುಗ್ಗಲಾರವು. ಮಾಡು ಒಮ್ಮೆ ಸೋರತೊಡಗಿದರೆ ತೊಲೆಗಳು ಕೊಳೆಯುತ್ತವೆ. ರಿಪೇರಿಯ ಖರ್ಚು ಹೊಲದ ಆದಾಯವನ್ನು ನುಂಗುತ್ತದೆ. ಆಗ ಹಳೆಯ ಮರದ ವ್ಯಾಪಾರಿಯ ಲಾರಿ ಬಂದು ನಿಲ್ಲುತ್ತದೆ. ಕಳಚಿದ ತೊಲೆಗಳು ಆರು ಎಂಟು ಅಡಿಯ ತುಂಡುಗಳಾಗಿ, ನಗರದ ಬೈಠಕ್ ಖಾನೆಗಳಲ್ಲಿ ಅಗ್ಗಿಷ್ಟಿಕೆಯ ಮೇಲಿನ ಹಾಸುಮರವಾಗಿ ಹೊಸ ಬಾಳು ಪಡೆಯುತ್ತವೆ. ಇದಕ್ಕೆ ಅಲ್ಲಿಯವರು ‘ಮ್ಯಾಂಟಲ್’ ಎನ್ನುತ್ತಾರೆ. ಮನೆಯ ಗಡಿಯಾರ, ತಾತಂದಿರ ಭಾವಚಿತ್ರ, ಹೂದಾನಿಗಳಿಗೆ ಅದೇ ಪೀಠ.

ಇಂಥ ಮರವನ್ನು ಕೊಳ್ಳಲು ಹೊರಟ ದಂಪತಿಗಳು ಮೊದಲು ಓದಬೇಕಾದದ್ದು ಬೆಲೆಚೀಟಿಯನ್ನಲ್ಲ, ಮರದ ಮೈಯನ್ನು. ಕೊಡಲಿ, ಬಾಚಿಗಳಿಂದ ಕೈಯಲ್ಲಿ ಕೆತ್ತಿದ ತೊಲೆಯಲ್ಲಿ ಏಟುಗಳು ಅಂತರ ತಪ್ಪಿ ಬಿದ್ದಿರುತ್ತವೆ. ನೀರಿನ ಬಲದಿಂದ ಮೇಲೆ ಕೆಳಗೆ ಆಡುತ್ತಿದ್ದ ಗರಗಸ ನೇರವಾದ ಗೆರೆಗಳನ್ನು ಬಿಡುತ್ತಿತ್ತು. ಅನಂತರ ಬಂದ ಚಕ್ರಗರಗಸದ್ದು ಕಮಾನಿನಂಥ ಗೆರೆ. ಒಂದೇ ಅಳತೆಯ ಏಟುಗಳು ಸಾಲಾಗಿ ಕಂಡರೆ ಅದು ಹೊಸ ಮರಕ್ಕೆ ಯಂತ್ರ ತೊಡಿಸಿದ ಮುಪ್ಪಿನ ವೇಷವಿರಬಹುದೆಂದು ಶಂಕಿಸುವುದು ಜಾಣತನ. ಸೀಳುಬಿರುಕುಗಳಿಗೆ ಹೆದರಬೇಕಾಗಿಲ್ಲ, ಚೇಗಿನ ಸುತ್ತ ಮರ ಒಣಗುವಾಗ ಬಿರಿಯುವುದು ಸಹಜ. ಹೆದರಬೇಕಾದದ್ದು ಕುಟ್ಟೆಹುಳುವಿನ ತೂತಿನಿಂದ ಹೊಸದಾಗಿ ಉದುರುವ ಹಿಟ್ಟಿಗೆ. ಮರದ ನಡುಭಾಗವೂ 56 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಅರ್ಧ ಗಂಟೆಯಾದರೂ ಇರುವಂತೆ ಗೂಡಿನಲ್ಲಿ ಕಾಯಿಸಿದೆಯೇ ಎಂದು ಕೇಳಬೇಕು. ಬಣ್ಣದ ಪದರ ಉಳಿದಿದ್ದರೆ ಸೀಸದ ಪರೀಕ್ಷೆಯೂ ಆಗಬೇಕು. ಮನೆಗೆ ಬಳಿಯುವ ಸೀಸದ ಬಣ್ಣಕ್ಕೆ ಅಮೆರಿಕದಲ್ಲಿ ನಿಷೇಧ ಬಂದದ್ದು 1978ರಲ್ಲಿ.

ಓಕ್ ತೊಲೆಗಳು ಬೇಕಾದಷ್ಟು ದೊರೆಯುತ್ತವೆ. ಅಮೆರಿಕದ ಚೆಸ್ಟ್‌ನಟ್ ಮರದ್ದು ಬೇರೆಯೇ ಕಥೆ. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಈ ಜಾತಿಯ ಮರಗಳು ತೊಗಟೆ ಬಿರಿದು ಸಾಯುತ್ತಿರುವುದು ಕಣ್ಣಿಗೆ ಬಿತ್ತು. ಏಷ್ಯದಿಂದ ತರಿಸಿದ ಸಸಿಗಳೊಡನೆ ಬಂದ ಒಂದು ಶಿಲೀಂಧ್ರ ಅದಕ್ಕೆ ಕಾರಣ. ಪೆನ್ಸಿಲ್ವೇನಿಯ ಸರಕಾರ 1911ರಲ್ಲಿ 2,75,000 ಡಾಲರು ಮಂಜೂರು ಮಾಡಿ ಆಯೋಗವೊಂದನ್ನು ನೇಮಿಸಿತು; ರೋಗದ ಮರಗಳನ್ನು ಕಡಿಸಿ ನೋಡಿತು. 1913ರ ವೇಳೆಗೆ ಆಯೋಗವೇ ಮುಚ್ಚಿಹೋಯಿತು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಸತ್ತ ಮರಗಳು 300ರಿಂದ 400 ಕೋಟಿ ಎಂದು ಅಂದಾಜು. ಬೇರುಗಳು ಇನ್ನೂ ಬದುಕಿವೆ. ಅವು ಚಿಗುರುತ್ತವೆ, ಚಿಗುರು ತೋಳಿನ ಗಾತ್ರಕ್ಕೆ ಬರುವುದರೊಳಗಾಗಿ ರೋಗ ಬಡಿಯುತ್ತದೆ, ಮತ್ತೆ ಬುಡದಿಂದ ಚಿಗುರುತ್ತವೆ. ರೋಗ ತಡೆಯುವ ತಳಿಗಾಗಿ 1983ರಲ್ಲಿ ಸ್ಥಾಪಿತವಾದ ಅಮೆರಿಕನ್ ಚೆಸ್ಟ್‌ನಟ್ ಫೌಂಡೇಷನ್ ದುಡಿಯುತ್ತಿದೆ. ಸದ್ಯಕ್ಕಂತೂ ಆ ಜಾತಿಯ ದೊಡ್ಡ ದಿಮ್ಮಿ ಬೇಕೆಂದರೆ ಹಳೆಯ ಕಟ್ಟಡಗಳಲ್ಲಿಯೇ ಹುಡುಕಬೇಕು.

ಗುರುತು ಹಿಡಿಯುವುದು ಕಷ್ಟವಲ್ಲ. ಓಕ್ ಮರದ ಸೀಳಿನಲ್ಲಿ ಹೊಳೆಯುವ ಅಡ್ಡಪಟ್ಟೆಗಳು ಚೆಸ್ಟ್‌ನಟ್‌ನಲ್ಲಿ ಇರುವುದಿಲ್ಲ, ತೂಕವೂ ಕಡಮೆ. ಆದುದರಿಂದಲೇ ಕೊಳ್ಳುವವರು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ತೊಲೆ ಬಿದ್ದುಹೋದ ಕೊಟ್ಟಿಗೆಯದೋ, ನಿಂತಿದ್ದದ್ದನ್ನು ಕೆಡವಿ ತಂದದ್ದೋ? ಮಾಡು ಕುಸಿದ ಕಟ್ಟಡದ ಮರವನ್ನು ಉಳಿಸಿಕೊಂಡದ್ದು ಪುಣ್ಯದ ಕೆಲಸವೇ ಸರಿ. ಗಟ್ಟಿಯಾಗಿ ನಿಂತ ಕೊಟ್ಟಿಗೆಯನ್ನು ಒಂದು ಹಾಸುಮರಕ್ಕಾಗಿ ಕಳಚಿಸುವುದು ವೀಣೆಯನ್ನು ಒಡೆದು ಪೀಠ ಮಾಡಿಸಿದಂತೆ. ಒಳ್ಳೆಯ ವ್ಯಾಪಾರಿ ಊರು, ಹೊಲ, ಕಳಚಿದ ವರ್ಷ ಎಲ್ಲವನ್ನೂ ಹೇಳಬಲ್ಲ. ಹೇಳಲಾರದವನ ಮರ ಸೋವಿಯಾದರೂ ಬೇಡ.

ಇಷ್ಟು ದುರ್ಲಭವಾದ ಮರವನ್ನು ಬೆಂಕಿಯ ನೆತ್ತಿಯ ಮೇಲೆಯೇ ಇಡುವುದು ವಿಚಿತ್ರವೆನ್ನಿಸಬಹುದು. ಅದಕ್ಕಾಗಿ ಕಟ್ಟುನಿಟ್ಟಾದ ನಿಯಮವಿದೆ. ಇಟ್ಟಿಗೆ ಕಲ್ಲಿನ ಅಗ್ಗಿಷ್ಟಿಕೆಯಾದರೆ ಅದರ ಬಾಯಿಯಿಂದ 6 ಅಂಗುಲದೊಳಗೆ ಮರ ಇರಕೂಡದು. 6ರಿಂದ 12 ಅಂಗುಲದವರೆಗೆ, ದೂರದ ಪ್ರತಿ ಅಂಗುಲಕ್ಕೆ ಎಂಟನೆಯ ಒಂದು ಅಂಗುಲದಂತೆ ಮಾತ್ರ ಗೋಡೆಯಿಂದ ಮುಂದಕ್ಕೆ ಚಾಚಬಹುದು. ಎಂದರೆ ಎಂಟು ಅಂಗುಲ ಮೇಲಿದ್ದರೆ ಚಾಚು ಒಂದೇ ಅಂಗುಲ. ಎಂಟು ಅಂಗುಲ ದಪ್ಪದ ತೊಲೆ ಒಂದಡಿಗಿಂತ ಮೇಲೆಯೇ ಕೂಡಬೇಕು. ಕಾರ್ಖಾನೆಯಲ್ಲಿ ತಯಾರಾದ ಒಲೆಯಾದರೆ ತಯಾರಕರು ಕೊಟ್ಟ ಅಳತೆಯೇ ಪ್ರಮಾಣ. ಆರಡಿ ಉದ್ದದ ಓಕ್ ತುಂಡು ಐವತ್ತು ಕಿಲೋಗ್ರಾಮಿಗೂ ಹೆಚ್ಚು ತೂಗಬಹುದಾದುದರಿಂದ ಗೋಡೆಯ ಒಳಗಂಬಕ್ಕೆ ದಪ್ಪ ಬೋಲ್ಟುಗಳಿಂದ ಬಿಗಿಸಬೇಕು.

ಮೆರುಗೆಣ್ಣೆಯ ಹೊಳಪು ಈ ಮರಕ್ಕೆ ಒಪ್ಪದು. ತೆಳುವಾಗಿ ಎಣ್ಣೆಯನ್ನೋ ಜೇನುಮೇಣವನ್ನೋ ತಿಕ್ಕಿದರೆ ಸಾಕು. ಹಳೆಯ ಗೂಟದ ತೂತುಗಳನ್ನು ಮುಚ್ಚಿಸುವವರುಂಟು; ಮುಚ್ಚಿಸದಿರುವುದೇ ಚೆಂದ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಒಲೆಯನ್ನು ಆರಿಸಿ, ಆ ತೂತುಗಳಿಗೆ ಸಣ್ಣ ಗೂಟಗಳನ್ನು ಸಿಕ್ಕಿಸಿ, ಮಕ್ಕಳ ಕಾಲುಚೀಲಗಳನ್ನು ತೂಗುಹಾಕಬಹುದು; ಹೊಸ ಮೊಳೆ ಹೊಡೆಯುವ ಪ್ರಮೇಯವಿಲ್ಲ.