ಕಾಫಿಗೇನು ಕಾಯಿಲೆ?

‘ಕ್ಯೂರ್’ ಎಂಬ ಇಂಗ್ಲಿಷ್ ಕ್ರಿಯಾಪದ ಬಳಸಿ ಸ್ವಂತ ವಾಕ್ಯ ಬರೆಯಬೇಕಿತ್ತು. ಚಿಕ್ಕಮಗಳೂರಿನ ಆ ಹುಡುಗಿ ‘ಮೈ ಮದರ್ ಕ್ಯೂರ್ಸ್ ಕಾಫಿ’ ಎಂದು ಬರೆದಳು. ಕ್ಯೂರ್ ಎಂದರೆ ಗುಣಪಡಿಸು ಎಂದು ಹೇಳಿಕೊಟ್ಟಿದ್ದ ಮೇಷ್ಟ್ರು, “ಕಾಫಿಗೇನು ಕಾಯಿಲೆಯೇ?” ಎಂದರು. ತರಗತಿಯೆಲ್ಲ ನಕ್ಕಿತು. ವಾಕ್ಯದ ಮೇಲೆ ಕೆಂಪು ಗೀಟು ಬಿತ್ತು.

ಅವಳ ತಾಯಿ ಕೆಲಸ ಮಾಡುವುದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಮೂಡಿಗೆರೆ, ಕಳಸದ ತೋಟಗಳ ಕಣದಲ್ಲಿ ಒಣಗಿದ ಕಾಫಿ ಮೂಟೆಯಾಗಿ ಬರುವುದು ಇಂಥ ಕಡೆಗೇ. ಪಲ್ಪ್ ಮಾಡಿ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಹಣ್ಣನ್ನು ಹಾಗೆಯೇ ಒಣಗಿಸಿದ್ದು ಚೆರಿ. ಎರಡರ ಸಿಪ್ಪೆಯನ್ನೂ ಯಂತ್ರ ಬಿಡಿಸುತ್ತದೆ, ಜರಡಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತದೆ. ಕಪ್ಪು ಬೀಜ, ಒಡಕು ಬೀಜ ಆರಿಸಲು ಬಣ್ಣ ಗುರುತಿಸುವ ಯಂತ್ರಗಳು ಬಂದಿದ್ದರೂ ಹೆಂಗಸರ ಕಣ್ಣು, ಕೈ ಬೇಡವಾಗಿಲ್ಲ. ಇಷ್ಟೂ ಸೇರಿ ಕ್ಯೂರಿಂಗ್.

ದೊಡ್ಡ ನಿಘಂಟು ತೆರೆದರೆ ಹುಡುಗಿಯ ವಾಕ್ಯವೇ ಸರಿ. ಪದದ ಮೂಲ ಲ್ಯಾಟಿನ್ನಿನ ‘ಕೂರಾ’, ಅಂದರೆ ಆರೈಕೆ. ಮೀನಿಗೆ ಉಪ್ಪು ಹಾಕಿ ಒಣಗಿಸುವುದೂ, ಹೊಗೆಸೊಪ್ಪನ್ನು ಹದ ಮಾಡುವುದೂ ಕ್ಯೂರ್. ಹೊಸ ಆರ್‌ಸಿಸಿ ಮೇಲೆ ನೀರು ನಿಲ್ಲಿಸುವ ಗಾರೆಯವರೂ ‘ಕ್ಯೂರಿಂಗ್’ ಎನ್ನುತ್ತಾರಲ್ಲ! ಎಚ್ಚರ ಬೇಕಾದದ್ದು ಕಾಯಿಲೆಯ ಅರ್ಥದಲ್ಲಿ ಬಳಸುವಾಗಲೇ. ಔಷಧ ಕೊಡುವುದು ‘ಟ್ರೀಟ್’, ರೋಗ ವಾಸಿಯಾದರಷ್ಟೇ ‘ಕ್ಯೂರ್’. ‘ಕ್ಯೂರ್ಡ್ ಆಫ್ ಮಲೇರಿಯಾ’ ಎನ್ನಬೇಕು, ‘ಫ್ರಮ್’ ಅಲ್ಲ.

ಅಂದು ಸಂಜೆ ಹುಡುಗಿ ನೋಟ್‌ಬುಕ್ ಮುಚ್ಚಿಟ್ಟು ಕೇಳಿದಳು: “ಅಮ್ಮಾ, ನೀನು ಮಾಡೋ ಕೆಲಸಕ್ಕೆ ಇಂಗ್ಲಿಷಲ್ಲಿ ಏನಂತಾರೆ?”

“ಇಂಗ್ಲಿಷಲ್ಲಿ ನಂಗೇನು ಗೊತ್ತು ಕಣೆ? ನಾವೆಲ್ಲ ಕ್ಯೂರಿಂಗ್ ಅಂತಲೇ ಅನ್ನೋದು.”