ಮಾರಾ ನದಿಯ ದಡದಲ್ಲಿ

ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯವನ್ನು ಬಲೂನನ್ನೇರಿ ಮೇಲಿನಿಂದ ನೋಡುವವರುಂಟು. ಅದರ ಹೊರವಲಯದಲ್ಲಿ ಮಸಾಯಿ ಮಾರ್ಗದರ್ಶಕರೊಡನೆ ನಡೆದು ನೋಡುವವರೂ ಉಂಟು. ನಾವು ದಂಪತಿಗಳು ಬೆಳಗಿನ ಲಿಂಗಪೂಜೆ ಮುಗಿಸಿ ಜೀಪನ್ನೇರಿದೆವು. ಆಗಸ್ಟ್ ತಿಂಗಳು. ಸೆರೆಂಗೆಟಿಯಿಂದ ಹುಲ್ಲನ್ನರಸಿ ಹೊರಡುವ 10 ಲಕ್ಷಕ್ಕೂ ಮಿಕ್ಕ ವಿಲ್ಡೆಬೀಸ್ಟ್‌ಗಳಲ್ಲಿ ಒಂದು ಹಿಂಡು ಮಾರಾ ನದಿಯ ದಡದಲ್ಲಿ ಅಳುಕುತ್ತ ನಿಂತಿತ್ತು. ಚಾಲಕನು ಎಂಜಿನ್ ನಿಲ್ಲಿಸಿ, ಸುಮ್ಮನಿರುವಂತೆ ಸನ್ನೆ ಮಾಡಿದನು. ಎರಡು ಗಂಟೆ ಕಾದೆವು.

ಒಂದು ಧುಮುಕಿದೊಡನೆ ಹಿಂಡೆಲ್ಲ ಧುಮುಕಿತು. ಮೊಸಳೆಯೊಂದು ಕರುವನ್ನು ಹಿಡಿಯಿತು. ಆಚೆ ದಡವನ್ನೇರಿದ ತಾಯಿಯು ತಿರುಗಿ, ನೀರನ್ನೇ ನೋಡುತ್ತ ಕೂಗಿತು. “ಬಿಡಿಸಬಾರದೇ?” ಎಂದು ನನ್ನ ಪತ್ನಿ ಕೈ ಹಿಡಿದಳು. ವಾಹನದಿಂದ ಇಳಿಯುವುದು ನಿಷಿದ್ಧ. ಮೊಸಳೆಗಿಂತಲೂ ಸುತ್ತಲಿನ ಕ್ಯಾಮೆರಾಗಳ ಸದ್ದು (ನನ್ನದೂ ಸೇರಿ) ನನ್ನನ್ನು ನಾಚಿಸಿತು.

ರಾತ್ರಿ ಪ್ರಸಾದಕ್ಕೆ ಕುಳಿತಾಗ, “ಮೊಸಳೆಗೂ ಹಸಿವುಂಟಲ್ಲವೇ?” ಎಂದೆ.

“ಉಂಟು” ಎಂದಳು, ಅನ್ನ ಮುಟ್ಟಲಿಲ್ಲ.