ಹರಕೆ ಇಲ್ಲದೆ ಹತ್ತಿದ ಗುಡ್ಡ

ಮೈಲಾರದ ಜಾತ್ರೆಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಭರತ ಹುಣ್ಣಿಮೆ ಕಳೆದ ಮೇಲೆ ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನಲ್ಲ, ಅದನ್ನು ಕೇಳಲು ಜನ ಕಿಕ್ಕಿರಿದು ಸೇರುತ್ತಾರೆ. ಮರಡಿ ಎಂದರೆ ದಿಬ್ಬ. ನಮ್ಮ ಹಡಗಲಿ ಸೀಮೆಯ ಹೆಣ್ಣುಮಕ್ಕಳು ಎತ್ತರದ ಜಾಗಕ್ಕೆ ಹೋಗುವುದೇ ಹೀಗೆ: ಜಾತ್ರೆ ಇರಬೇಕು, ಇಲ್ಲವೇ ಹರಕೆ ಇರಬೇಕು. ಕೈಯಲ್ಲಿ ಹಣ್ಣುಕಾಯಿ, ಕಂಕುಳಲ್ಲಿ ಕೂಸು, ಕಣ್ಣೆಲ್ಲ ಕೊರಳಿನ ಸರದ ಮೇಲೆ! ನಿಂತು ಸುತ್ತಲೂ ನೋಡುವ ಪುರುಸೊತ್ತು ಯಾರಿಗಿದೆ, ಹೇಳಿ?

ಅದಕ್ಕೇ ನಾನು ಕಪ್ಪತಗುಡ್ಡಕ್ಕೆ ಹೋಗಿಬರುತ್ತೇನೆ ಎಂದಾಗ ಅತ್ತೆಯವರು ಕೇಳಿದ ಮೊದಲ ಮಾತು, "ಏನು ಹರಕಿ ಹೊತ್ತೀಯವ್ವಾ?" ಎಂದು. "ಹರಕಿ ಏನೂ ಇಲ್ಲತ್ತಿ, ಸುಮ್ನ ನೋಡಿ ಬರಾಕ" ಎಂದೆ. "ಸುಮ್ನ ಯಾರರ ಗುಡ್ಡ ಹತ್ತತಾರೇನು?" ಎಂದು ನಕ್ಕರು. ನಕ್ಕರೂ ಬುತ್ತಿಗೆ ಗುರೆಳ್ಳು ಚಟ್ನಿ ಕುಟ್ಟಿಕೊಟ್ಟವರು ಅವರೇ.

ಕಪ್ಪತಗುಡ್ಡ ನಮಗೆ ದೂರದ್ದೇನಲ್ಲ. ಗದಗ ಹತ್ತಿರದ ಬಿಂಕದಕಟ್ಟಿಯಿಂದ ಹಿಡಿದು ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ತನಕ 60 ಕಿಲೋಮೀಟರಿಗೂ ಮಿಕ್ಕಿ ಉದ್ದಕ್ಕೆ ಮಲಗಿರುವ ಗುಡ್ಡಗಳ ಸಾಲು ಅದು. ಸಿಂಗಟಾಲೂರೆಂದರೆ ನಮ್ಮ ಎದುರು ದಂಡೆ. ಹಡಗಲಿಯಿಂದ ಮದಲಗಟ್ಟಿಯ ಸೇತುವೆ ದಾಟಿ, ಕೊರ್ಲಹಳ್ಳಿ ಮೇಲೆ ಮುಂಡರಗಿಗೆ ಹೋಗಬೇಕು. ಅಲ್ಲಿಂದ ಗದಗಿನ ದಾರಿ ಹಿಡಿದರೆ ಡಂಬಳ, ಡಂಬಳದಿಂದ ಡೋಣಿ. ಡೋಣಿಗೆ ಮುಟ್ಟಿದರೆ ಗುಡ್ಡದ ಬುಡಕ್ಕೆ ಬಂದ ಹಾಗೆಯೇ. ಎತ್ತರದ ಲೆಕ್ಕ ಹಿಡಿದರೆ 1,930 ಮೀಟರಿನ ಮುಳ್ಳಯ್ಯನಗಿರಿಯ ಮುಂದೆ ಇದು ಕೂಸು. ಆದರೆ ಸುತ್ತಲೂ ಬಯಲು ಸೀಮೆಯಾದ್ದರಿಂದ ಇದ್ದ ಎತ್ತರವೇ ದೊಡ್ಡದಾಗಿ ಕಾಣುತ್ತದೆ.

ಭಾದ್ರಪದದಲ್ಲಿ ನಾವು ನಾಲ್ವರು ಹೋದೆವು: ನಾನು, ನಮ್ಮವರು, ನಾದಿನಿ, ಪಕ್ಕದ ಮನೆಯಾಕೆ. ಡೋಣಿಯಲ್ಲಿ ಚಹಾ ಕುಡಿಯಲು ಕೂತಾಗ ಒಬ್ಬ ಅಜ್ಜಿ ಮಾತಿಗೆ ಬಂದರು. ನಮ್ಮವರು ಸಕ್ಕರೆ ಕಾಯಿಲೆಯೆಂದು ಚಹಾವನ್ನು ಸಪ್ಪಗೆ ಕೇಳಿದ್ದೇ ತಡ, ಅಜ್ಜಿ ತಮ್ಮ ಹಿತ್ತಲ ಬೇಲಿಯ ಬಳ್ಳಿಯಿಂದ ನಾಲ್ಕು ಎಲೆ ತಂದು, "ಅಗದು ನೋಡ್ರಿ" ಎಂದರು. ಅಗಿದೆವು. ಆಮೇಲೆ ಒಂದು ಚೂರು ಬೆಲ್ಲ ಕೊಟ್ಟರು. ಏನು ಹೇಳಲಿ! ಬೆಲ್ಲ ಬಾಯಲ್ಲಿ ಮಣ್ಣಿನ ಹೆಂಟೆಯ ಹಾಗಾಯಿತು, ಸಿಹಿಯೇ ಇಲ್ಲ. ಅದೇ ಮಧುನಾಶಿನಿ. ಸ್ವಲ್ಪ ಹೊತ್ತಿಗೆ ನಾಲಿಗೆ ಮೊದಲಿನಂತಾಯಿತೆನ್ನಿ. (ಇದನ್ನು ಓದಿ ಯಾರೂ ಡಾಕ್ಟರ ಗುಳಿಗೆ ನಿಲ್ಲಿಸಬೇಡಿ. ನಮ್ಮವರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿದೆ.)

ಹತ್ತುವಾಗ ದಾರಿಯ ಎರಡೂ ಬದಿಗೆ ಬಂದರಿಕೆಯ ಪೊದೆಗಳು. ಕೈಕಾಲು ಉಳುಕಿದರೆ ಇದರ ಸೊಪ್ಪು ಕಟ್ಟುವುದು ಹಳ್ಳಿಯವರ ಮದ್ದು. ಕವಳಿ, ಕಾರೆ, ನೆಲ್ಲಿ, ಆಡುಸೋಗೆ ಎಲ್ಲ ಸಿಕ್ಕವು. ಹೆಸರು ಗೊತ್ತಿಲ್ಲದ ಗಿಡಗಳೇ ಹೆಚ್ಚು. ಒಂದು ಎಲೆಯನ್ನೂ ಕೀಳಲಿಲ್ಲ. ಇದೀಗ ಅಭಯಾರಣ್ಯ, ಕೀಳುವಂತಿಲ್ಲ. ತೋಳ, ಚಿರತೆ, ಕತ್ತೆಕಿರುಬ, ಕೊಂಡಕುರಿಗಳಿವೆಯಂತೆ. ನಮಗೆ ಕಂಡದ್ದು ನವಿಲು ಮಾತ್ರ. ನೆಲವಂತೂ ಕೆಂಪೋ ಕೆಂಪು, ಕಬ್ಬಿಣದ ಅದಿರಿನ ಮಣ್ಣು. ಸೀರೆಯ ಅಂಚು ಎಲ್ಲ ಕಾವಿ ಹಚ್ಚಿದಂತಾಯಿತು.

ಕಪ್ಪತ ಮಲ್ಲೇಶ್ವರನಿಗೆ ಕೈಮುಗಿದು ಇನ್ನೂ ಮೇಲೆ ಗಾಳಿಗುಂಡಿ ಬಸವಣ್ಣನ ತನಕ ಹೋದೆವು. ಹೆಸರಿಗೆ ತಕ್ಕ ಜಾಗ! ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸದೆ ನಿಲ್ಲುವ ಹಾಗಿಲ್ಲ, ಮಾತಾಡಿದರೆ ಮಾತೇ ಹಾರಿಹೋಗುತ್ತದೆ. ಕೆಳಗೆ ನೋಡಿದರೆ ಗುಡ್ಡದ ಬುಡಕ್ಕೆ ಕೆಂಪು ಹೊಲ, ಆಚೆಗೆ ಎರೆ ಹೊಲ, ಮೂಡಣಕ್ಕೆ ಡಂಬಳದ ಕೆರೆ. ದೂರದ ಏಣುಗಳ ಮೇಲೆ ಗಾಳಿ ಫ್ಯಾನುಗಳು ಸಾಲಾಗಿ ತಿರುಗುತ್ತಿದ್ದವು. ತೆಂಕಣಕ್ಕೆ ಮಂಜು ಮಂಜಾಗಿ ಹೊಳೆಯ ಸೀಮೆ. ಮದಲಗಟ್ಟಿಯಲ್ಲಿ ನಿಂತು ನೋಡಿದರೆ ಗುಡ್ಡ ಒಂದು ನೀಲಿ ಗೆರೆಯಾದರೂ ಆಗಿ ಕಾಣುತ್ತದೆ. ಗುಡ್ಡದಿಂದ ನೋಡಿದರೆ ನಮ್ಮ ಊರು ಗೆರೆಯಾಗಿಯೂ ಕಾಣದು. ನನ್ನ ಅಡಿಗೆಮನೆ, ನನ್ನ ಹಿತ್ತಲು, ನಲವತ್ತು ದಾಟಿದ ನನ್ನ ಬದುಕೆಲ್ಲ ಆ ಮಂಜಿನೊಳಗೆ ಎಲ್ಲೋ ಇತ್ತು. ನಾದಿನಿ ಒಂದು ಗಳಿಗೆ ಸುಮ್ಮನಿದ್ದು, "ವೈನಿ, ಯಾರೂ ಕರೀವಲ್ಲರು ನೋಡ್ರಿ" ಎಂದಳು. ನಿಜ, ಅರ್ಧ ತಾಸು ನಮ್ಮನ್ನು ಯಾರೂ ಯಾತಕ್ಕೂ ಕರೆಯಲಿಲ್ಲ.

ಈ ಗುಡ್ಡ ಉಳಿದದ್ದು ತಾನಾಗಿ ಅಲ್ಲ, ಸೋದರಿಯರೇ. ಹೊಟ್ಟೆಯಲ್ಲಿ ಚಿನ್ನವಿದೆ ಎಂಬುದೇ ಇದರ ಕಷ್ಟ. ಹಿಂದೆ ಜಲಗಾರರು ಹಳ್ಳದ ಮರಳು ತೊಳೆದು ಚಿನ್ನದ ಪುಡಿ ಆಯುತ್ತಿದ್ದರು. 20ನೇ ಶತಮಾನದ ಆರಂಭದಲ್ಲಿ ಇಂಗ್ಲಿಷರು ಕಬಲಾಯತಕಟ್ಟಿ ಹತ್ತಿರ ಗಣಿ ತೋಡಿ, ಗಿಟ್ಟದೆ ಬಿಟ್ಟುಹೋದರು. ನಮ್ಮ ಕಾಲದಲ್ಲಿ ಮತ್ತೆ ಗಣಿಯ ಮಾತು ಬಂತು. 2015ರಲ್ಲಿ ಸರ್ಕಾರ ಗುಡ್ಡವನ್ನು ಸಂರಕ್ಷಿತ ಮೀಸಲು ಎಂದು ಸಾರಿತು, 2016ರಲ್ಲಿ ಅದನ್ನೇ ಹಿಂದಕ್ಕೆ ಪಡೆಯಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಜನರೊಂದಿಗೆ ಧರಣಿ ಕೂತರು. 2017ರಲ್ಲಿ ಆ ಆದೇಶ ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರ್ ಅಭಯಾರಣ್ಯವೇ ಆಯಿತು. ಸ್ವಾಮಿಗಳು ಅದನ್ನು ನೋಡಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು. ಹಿಂದೆ ಪಡೆದ ಆದೇಶವನ್ನು ತಿರುಗಿ ಹೊರಡಿಸುವಂತೆ ಮಾಡುವುದೆಂದರೆ ಉಕ್ಕಿದ ಹಾಲನ್ನು ಪಾತ್ರೆಗೆ ತುಂಬಿದಂತೆ. ಈ ಜನ ಅದನ್ನೂ ಮಾಡಿದರು.

ಈಗ ಗುಡ್ಡದ ದೊಡ್ಡ ಶತ್ರು ಬೇಸಿಗೆಯ ಬೆಂಕಿ. ಬಾದೆಹುಲ್ಲು ಒಣಗಿ ನಿಂತಾಗ ಒಂದು ಬೀಡಿಯ ತುಂಡು ಸಾಕು, ಗಾಳಿಗೆ ಏಣಿನಿಂದ ಏಣಿಗೆ ಹಬ್ಬುತ್ತದೆ. "ಮಧುನಾಶಿನಿ ಬಳ್ಳಿ ನಮ್ಮವ್ವನ ಕಾಲಕ್ಕ ಗುಡ್ಡದಾಗ ಕಾಲಿಗೆ ತೊಡರ್ತಿತ್ತು, ಈಗ ಹುಡುಕಬೇಕು" ಎಂದು ಡೋಣಿಯ ಅಜ್ಜಿ ಹೇಳಿದರು. ಅವರು ಅದನ್ನು ಬೇಲಿಗೆ ಹಬ್ಬಿಸಿಕೊಂಡದ್ದು ಅದಕ್ಕೇ.

ಹೋಗುವವರು ಮಳೆಗಾಲದ ಕೊನೆಗೆ ಹೋಗಿ. ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡು, ಬೆಳಿಗ್ಗೆ ಹತ್ತಿ ಬೆಳಕಿರುವಾಗಲೇ ಇಳಿಯಿರಿ. ಹೊತ್ತು ಉಳಿದರೆ ಡಂಬಳದಲ್ಲಿ ಚಾಲುಕ್ಯರ ಕಾಲದ ದೊಡ್ಡಬಸಪ್ಪನ ಗುಡಿ ನೋಡಿ; ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಕಟ್ಟಿದ್ದಾರೆ. ನೀರು ತಲೆಗೆ ಎರಡು ಬಾಟಲಿಯಾದರೂ ಬೇಕು. ಮೇಲೆ ಒಲೆ ಹೂಡುವ ಆಸೆ ಬೇಡ, ಬೆಂಕಿಪೆಟ್ಟಿಗೆ ಮನೆಯಲ್ಲೇ ಇರಲಿ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹಾಲು ಹೆಚ್ಚು ಹಾಕಿ ಕಲಸಿದ ಮೊಸರನ್ನ ಮಧ್ಯಾಹ್ನದ ತನಕ ಕೆಡುವುದಿಲ್ಲ. ರೊಟ್ಟಿಯನ್ನು ಮಾತ್ರ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ. ಗಾಳಿಗುಂಡಿಯಲ್ಲಿ ನಮ್ಮದೊಂದು ರೊಟ್ಟಿ ಹಾರಿಹೋಯಿತು!